ಮಿಲ್ಟನ್ ಬರ್ತಿದ್ದಾಗ ಊರು ಬಿಡೋದಾ ಮನೇಲೇ ಇರೋದಾ ಅಂತ ನಾವು ಹೆಂಗೆ ತೀರ್ಮಾನ ಮಾಡಿದ್ವಿ

ಪ್ರತಿ ವರ್ಷ ಜೂನ್ ಬಂತು ಅಂದ್ರೆ ಫ್ಲೋರಿಡಾಗೆ ಹೊಸದಾಗಿ ಬಂದಿರೋ ನಮ್ಮೋರು ಯಾರಾದ್ರೂ ಫೋನ್ ಮಾಡಿ ಕೇಳ್ತಾರೆ, ಹರಿಕೇನ್ ಬಂದ್ರೆ ಏನ್ಮಾಡ್ತೀರ, ಎಲ್ಲಿಗ್ ಹೋಗ್ತೀರ ಅಂತ. ಅದಕ್ಕೆ 2024ರ ಅಕ್ಟೋಬರಲ್ಲಿ ಮಿಲ್ಟನ್ ಅನ್ನೋ ಹರಿಕೇನ್ (ಸಮುದ್ರದಿಂದ ಬರೋ ಭಾರೀ ಚಂಡಮಾರುತ) ಬಂದಾಗ ನಮ್ಮನೇಲಿ ಏನೇನು ನಡೀತು, ಯಾವ್ದನ್ನ ನೋಡಿ ಏನು ತೀರ್ಮಾನ ಮಾಡಿದ್ವಿ ಅಂತ ಇಲ್ಲಿ ಬರೆದಿಡ್ತಾ ಇದೀನಿ. ನಾವಿರೋದು ನ್ಯೂ ಟ್ಯಾಂಪಾ ಕಡೆ, ಸಮುದ್ರದಿಂದ ಸಾಕಷ್ಟು ಒಳಗೆ. ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ ನಾವು ಮಾಡಿದ್ದೆಲ್ಲ ಇದರ ಮೇಲೇ ನಿಂತಿರೋದು, ಬೀಚ್ ಹತ್ರ ಮನೆ ಇರೋರು ನಾವು ಮಾಡಿದ್ದನ್ನ ನೋಡಿ ಹಾಗೇ ಮಾಡ್ಬಾರ್ದು.

ಮಿಲ್ಟನ್‌ಗೆ ಎರಡು ವಾರ ಮುಂಚೆ, ಸೆಪ್ಟೆಂಬರ್ 26ಕ್ಕೆ ಹೆಲೀನ್ ಅನ್ನೋ ಇನ್ನೊಂದು ಹರಿಕೇನ್ ಬಂದು ಹೋಗಿತ್ತು. ಅದು ನಮ್ಮ ಕಡೆ ಬಡೀಲೇ ಇಲ್ಲ, ಎಷ್ಟೋ ದೂರದಲ್ಲಿ ಸಮುದ್ರದಲ್ಲೇ ಹಾದು ಮೇಲ್ಗಡೆ ಪೆರಿ ಅನ್ನೋ ಊರಿನ ಹತ್ರ ದಡ ಹತ್ತಿತು, ಆದ್ರೂ ಟ್ಯಾಂಪಾ ಬೇ, ಅಂದ್ರೆ ನಮ್ಮೂರ ಕೊಲ್ಲಿ, ಅದರ ಸುತ್ತ ಆರಡಿಗಿಂತ ಜಾಸ್ತಿ ನೀರು ನುಗ್ಗಿ ಸಾವಿರಾರು ಮನೆ ಹಾಳಾದ್ವು. ಅಪೊಲೊ ಬೀಚಲ್ಲಿ ನಮ್ಮ ಸ್ನೇಹಿತರ ಮನೆ ಇದೆ, ಕ್ಲೀನ್ ಮಾಡಕ್ಕೆ ಸಹಾಯಕ್ಕೆ ಅಂತ ಹೋದ್ರೆ ರೋಡ್ ಉದ್ದಕ್ಕೂ ಮನೆಮನೆ ಮುಂದೆ ಸೋಫಾ, ಹಾಸಿಗೆ, ಫ್ರಿಜ್ಜು, ಗೋಡೆಯಿಂದ ಕಿತ್ತು ಹಾಕಿರೋ ಡ್ರೈವಾಲು, ಮಕ್ಕಳ ಸೈಕಲ್ಲು ಎಲ್ಲಾ ಒದ್ದೆ ಮುದ್ದೆಯಾಗಿ ಗುಡ್ಡೆ ಬಿದ್ದಿತ್ತು, ಒಂಥರಾ ಕೊಳೆತ ವಾಸನೆ. ಆ ಗುಡ್ಡೆ ಇನ್ನೂ ಎತ್ತಿರ್ಲಿಲ್ಲ, ಅಷ್ಟರಲ್ಲಿ ಇನ್ನೊಂದು ಬರ್ತಿದೆ ಅಂತ ಸುದ್ದಿ. ಇದೇ ಸಾಮಾನು ನೂರು ಮೈಲಿ ಗಾಳೀಲಿ ಹಾರಕ್ಕೆ ಶುರುವಾದ್ರೆ ಏನು ಗತಿ ಅನ್ನೋದೇ ಆಗ ಎಲ್ಲರ ಬಾಯಲ್ಲಿದ್ದ ಮಾತು.

ಅಕ್ಟೋಬರ್ 5, ಶನಿವಾರ, ಗಲ್ಫ್ ಆಫ್ ಮೆಕ್ಸಿಕೋದ ಆ ತುದೀಲಿ ಮಿಲ್ಟನ್ ಅಂತ ಹೆಸರು ಬಿತ್ತು. ನಮ್ಮ ಕಡೆಗೆ ಬರೋವು ಸಾಮಾನ್ಯವಾಗಿ ಕೆರಿಬಿಯನ್ ಕಡೆಯಿಂದ ಉತ್ತರಕ್ಕೆ ಹತ್ತಿ ಬರ್ತವೆ, ಇದು ಪಶ್ಚಿಮದಿಂದ ಹೊರಟು ಫ್ಲೋರಿಡಾಗೇ ಮುಖ ಮಾಡಿತ್ತು. ಭಾನುವಾರ ಹರಿಕೇನ್ ಆಯ್ತು. ಸೋಮವಾರ ನಡೆದಿದ್ದನ್ನ ಮಾತ್ರ ನಾನು ಮರೆಯಲ್ಲ, ಒಂದೇ ದಿನದಲ್ಲಿ ಗಾಳಿಯ ವೇಗ ಗಂಟೆಗೆ 90 ಮೈಲಿಗಿಂತ ಜಾಸ್ತಿ ಏರಿಬಿಡ್ತು, ರಾತ್ರಿ ಹೊತ್ತಿಗೆ 180 ಮೈಲಿ, ಅಂದ್ರೆ ಸುಮಾರು 290 ಕಿಲೋಮೀಟರ್. ಹರಿಕೇನ್ ಅಳತೇಲಿ ಎಲ್ಲಕ್ಕಿಂತ ಮೇಲಿನ ಕ್ಯಾಟಗರಿ 5 ಶುರುವಾಗೋದೇ 157ಕ್ಕೆ. ಒಳಗಿನ ಗಾಳಿಯ ಪ್ರೆಷರ್ 900 ಮಿಲಿಬಾರ್‌ಗಿಂತ ಕೆಳಗೆ ಇಳಿದಿತ್ತು, ಮಾಮೂಲಿ ದಿನ ಅದು 1013 ಆಸುಪಾಸಲ್ಲಿರತ್ತೆ. ಗಲ್ಫ್ ನೀರು ಕಾದಿತ್ತು, ಮೇಲಿನ ಗಾಳಿ ಅದನ್ನ ಚೆದುರಿಸೋ ಹಾಗಿರ್ಲಿಲ್ಲ, ಬಿರುಗಾಳಿಯ ನಡುವಿರೋ ಕಣ್ಣು ನಾಲ್ಕೇ ಮೈಲಿ ಅಗಲಕ್ಕೆ ಕುಗ್ಗಿತ್ತು. ಮಯಾಮಿ ಟಿವಿಯಲ್ಲಿ ಜಾನ್ ಮೊರಾಲೆಸ್ ಅಂತ ಎಷ್ಟೋ ವರ್ಷಗಳಿಂದ ಹವಾಮಾನ ಹೇಳೋ ಹಿರಿಯರು, ಹತ್ತು ಗಂಟೇಲಿ 50 ಮಿಲಿಬಾರ್ ಬಿದ್ದಿದೆ ಅಂತ ಹೇಳ್ತಾ ಹೇಳ್ತಾ ಗಂಟಲು ಕಟ್ಟಿ ಮಾತು ನಿಲ್ಲಿಸಿದ್ರು. ಅದನ್ನ ನೋಡಿ ನಮ್ಮನೇಲಿ ಯಾರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಅವತ್ತು ಅತ್ತೆ ನಮ್ಮನೇಲಿದ್ರು, ಮೈಸೂರಿಂದ ಬಂದು ಸ್ವಲ್ಪ ದಿನ ಆಗಿತ್ತು. ಇಲ್ಲಿ ಬೆಳಗ್ಗೆ 11ರ ಹರಿಕೇನ್ ಬುಲೆಟಿನ್ ಬಂದ್ರೆ ಅಲ್ಲಿ ರಾತ್ರಿ ಎಂಟೂವರೆ, ಸರಿಯಾಗಿ ಎಲ್ಲಾರೂ ಟಿವಿ ಮುಂದೆ ಕೂತಿರೋ ಹೊತ್ತು, ಆಮೇಲೆ ಒಬ್ಬರಾದ ಮೇಲೆ ಒಬ್ಬರ ಫೋನು. "ಅಲ್ಲೇ ಯಾಕಮ್ಮ ಕೂತಿದೀರ, ಹೊರಟುಬಿಡಿ" ಅಂತ ಅಮ್ಮ. ನಮ್ಮನೆಯವ್ರಿಗೆ ಅವರ ಆಫೀಸಿನವರು "ಅಟ್ಲಾಂಟಾಗೆ ಹೋಗ್ತಿದೀವಿ, ನೀವೂ ಬನ್ನಿ" ಅಂತ. ಟ್ಯಾಂಪಾ ಮೇಯರ್ ಜೇನ್ ಕ್ಯಾಸ್ಟರ್ ಟಿವಿಯಲ್ಲಿ, ಖಾಲಿ ಮಾಡಿ ಅಂತ ಹೇಳಿರೋ ಜಾಗದಲ್ಲೇ ಉಳಿದ್ರೆ ಸಾಯ್ತೀರ ಅಂತ ಮುಚ್ಚುಮರೆ ಇಲ್ಲದೆ ಹೇಳಿದ್ರು. ಈ ಮಾತನ್ನ ಜನ ಪೂರ್ತಿ ಕೇಳಿಸ್ಕೊಳ್ಳಲ್ಲ, ಖಾಲಿ ಮಾಡಿ ಅಂತ ಹೇಳಿರೋ ಜಾಗ ಅನ್ನೋದೇ ಮುಖ್ಯ.

ನನಗೆ ಗೊತ್ತಿರೋ ದೊಡ್ಡ ವಿಷಯ ಅಂದ್ರೆ ಇದೇ. ಕ್ಯಾಟಗರಿ 3, 4, 5 ಅನ್ನೋದು ಗಾಳಿಯ ಅಳತೆ ಮಾತ್ರ, ಅದರಲ್ಲಿ ನೀರಿನ ಲೆಕ್ಕಾನೇ ಇಲ್ಲ. ಗಾಳಿಯಿಂದ ಗಟ್ಟಿ ಮನೆ ಕಾಪಾಡತ್ತೆ, ಸಮುದ್ರ ನುಗ್ಗಿ ಬಂದ್ರೆ ಯಾವ ಮನೇನೂ ಕಾಪಾಡಲ್ಲ. ಇಲ್ಲಿ ಕೌಂಟಿ, ಅಂದ್ರೆ ನಮ್ಮ ಜಿಲ್ಲೆ ಥರದ್ದು, ಅದರವರು ಎ ಇಂದ ಇ ತನಕ ಜೋನ್ ಮಾಡಿರೋದು ಸಮುದ್ರದ ನೀರು ಎಲ್ಲೀ ತನಕ ಬರ್ಬಹುದು ಅನ್ನೋದನ್ನ ನೋಡಿ. ಮಿಲ್ಟನ್‌ಗೆ ನಮ್ಮ ಹಿಲ್ಸ್‌ಬರೋ ಕೌಂಟೀಲಿ ಎ ಮತ್ತು ಬಿ ಜೋನಿನವರು, ಜೊತೆಗೆ ಯಾವ ಜೋನಲ್ಲೇ ಇರಲಿ ಮೊಬೈಲ್ ಹೋಮಲ್ಲಿ (ಸಾಗಿಸೋ ಥರದ ಹಗುರ ಮನೆ) ಇರೋರು ಹೊರಡ್ಬೇಕು ಅಂತ ಆರ್ಡರ್ ಆಯ್ತು. ಪಕ್ಕದ ಪಿನೆಲಸ್ ಕೌಂಟೀಲಿ ಸಿ ಕೂಡ ಸೇರಿತ್ತು. ನಮ್ಮನೆ ಯಾವ ಜೋನಿಗೂ ಬರಲ್ಲ. ಇನ್ಶೂರೆನ್ಸ್‌ನವರು ಹೇಳೋ ಫ್ಲಡ್ ಜೋನ್ ಬೇರೆ, ಈ ಇವ್ಯಾಕ್ಯುಯೇಷನ್, ಅಂದ್ರೆ ಖಾಲಿ ಮಾಡ್ಸೋ, ಜೋನ್ ಬೇರೆ, ಇವೆರಡನ್ನ ಕಲಸಿಕೊಂಡು ತಲೆ ಕೆಡಿಸಿಕೊಂಡಿರೋರನ್ನ ತುಂಬಾ ಜನನ್ನ ನೋಡಿದೀನಿ.

ಎರಡನೇದು ಮನೆ. 1992ರ ಆಂಡ್ರ್ಯೂ ಹರಿಕೇನ್ ಆದ್ಮೇಲೆ ಫ್ಲೋರಿಡಾದಲ್ಲಿ ಕಟ್ಟಡದ ನಿಯಮ ಬಿಗಿ ಮಾಡಿ 2002ರಿಂದ ಇಡೀ ರಾಜ್ಯಕ್ಕೆ ಒಂದೇ ಕೋಡ್ ತಂದ್ರು. ನಮ್ಮದು ಅದಾದ ಮೇಲೆ ಕಟ್ಟಿದ್ದು, ಕಾಂಕ್ರೀಟ್ ಬ್ಲಾಕ್ ಗೋಡೆ, ಛಾವಣಿಯ ಮರಗಳನ್ನ ಗೋಡೆಗೆ ಲೋಹದ ಪಟ್ಟಿ ಹಾಕಿ ಬಿಗಿದಿದಾರೆ. ಮೂರನೇದು ರಸ್ತೆ. ಮಂಗಳವಾರದ ಹೊತ್ತಿಗೆ ಐ-75 ಹೆದ್ದಾರೀಲಿ ಉತ್ತರದ ಕಡೆ ಕಾರುಗಳು ಇಂಚಿಂಚು ಸರೀತಿದ್ವು, ಬೇರೆ ಟೋಲ್ ರಸ್ತೆಗಳಲ್ಲಿ ಟೋಲ್ ಬಿಟ್ಟಿದ್ರೂ ಪ್ರಯೋಜನ ಇಲ್ಲ, ಬಂಕುಗಳಲ್ಲಿ ಪೆಟ್ರೋಲ್ ಇಲ್ಲ ಅಂತ ನಲ್ಲಿಗೆ ಚೀಲ ಕಟ್ಟಿದ್ರು, ಏರ್‌ಪೋರ್ಟ್ ಬೆಳಗ್ಗೆ 9ಕ್ಕೇ ಮುಚ್ಚಿತ್ತು. ಮಂಡಿ ನೋವಿರೋ ಅತ್ತೇನ ಕೂರಿಸ್ಕೊಂಡು ಅಟ್ಲಾಂಟಾ ತನಕ ಆ ಸಾಲಲ್ಲಿ ಹೋಗಿ ಮಧ್ಯದಲ್ಲೆಲ್ಲೋ ಪೆಟ್ರೋಲ್ ಖಾಲಿಯಾಗಿ ನಿಂತ್ರೆ ಮನೇಲಿರೋದಕ್ಕಿಂತ ಅದೇ ದೊಡ್ಡ ಅಪಾಯ. ಇಲ್ಲಿನ ಎಮರ್ಜೆನ್ಸಿಯವರು ಹೇಳೋದೂ ಅದನ್ನೇ, ಹತ್ತಾರು ಮೈಲಿ ಹೋದ್ರೆ ಸಾಕು, ನೂರಾರು ಮೈಲಿ ಬೇಡ ಅಂತ.

ಹಾಗಾಗಿ ಸೋಮವಾರ ಸಂಜೆನೇ ತೀರ್ಮಾನ ಆಯ್ತು, ನಾವು ಇರ್ತೀವಿ, ಅಪೊಲೊ ಬೀಚಿನವರು ಕುಟುಂಬ ಸಮೇತ ನಮ್ಮನೆಗೆ ಬರ್ತಾರೆ. ಅವರದು ಎ ಜೋನ್, ಯೋಚನೆ ಮಾಡೋ ಪ್ರಶ್ನೇನೇ ಇಲ್ಲ. ಸುಮಾರು 35 ಮೈಲಿ, ಮಂಗಳವಾರ ಬೆಳಗ್ಗೆ ಬೆಳಗ್ಗೇನೇ ಬಂದ್ಬಿಟ್ರು. ನೆಂಟರಿಷ್ಟರ ಮನೆ ಒಳಗಡೆ ಇದ್ರೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ, ಕೇಳಕ್ಕೆ ಸಂಕೋಚ ಪಡ್ಬೇಡಿ. ಕನ್ನಡ ಕೂಟದ ವಾಟ್ಸಾಪ್ ಗ್ರೂಪಲ್ಲಿ ಅವತ್ತು ಎಷ್ಟೋ ಜನ "ನಮ್ಮನೇಲಿ ಎರಡು ರೂಮ್ ಇದೆ, ಬನ್ನಿ" ಅಂತ ತಾವಾಗೇ ಹಾಕಿದ್ರು, ಪರಿಚಯ ಇಲ್ಲದೇ ಇರೋರೂ ಹೋಗಿ ಉಳ್ಕೊಂಡ್ರು, ಅದು ನೆನೆಸಿಕೊಂಡ್ರೆ ಈಗ್ಲೂ ಮನಸ್ಸು ತುಂಬಿ ಬರತ್ತೆ.

ಟ್ರ್ಯಾಕ್ ಮಾಡೋ ಬಗ್ಗೆ ಒಂದೆರಡು ಮಾತು. ನ್ಯಾಷನಲ್ ಹರಿಕೇನ್ ಸೆಂಟರಿನವರು ಬೆಳಗ್ಗೆ 5, 11, ಸಂಜೆ 5, ರಾತ್ರಿ 11 ಹೀಗೆ ದಿನಕ್ಕೆ ನಾಲ್ಕು ಸಲ ಪೂರ್ತಿ ಬುಲೆಟಿನ್ ಹಾಕ್ತಾರೆ, ದಡ ಹತ್ರ ಆದಾಗ ನಡುನಡುವೆ ಇನ್ನೊಂದಿಷ್ಟು. ನಾನು ನೋಡೋದು ಅದನ್ನ ಮತ್ತೆ ನಮ್ಮೂರ ಚಾನೆಲಲ್ಲಿ ಹವಾಮಾನ ಹೇಳೋ ಡೆನಿಸ್ ಫಿಲಿಪ್ಸ್ ಅವರನ್ನ, ಅಷ್ಟೇ. ಯೂಟ್ಯೂಬಲ್ಲಿ ಕೆಂಪು ಅಕ್ಷರದಲ್ಲಿ ಕಿರುಚೋರನ್ನ ನೋಡಿದ್ರೆ ನಿದ್ದೆ ಕೆಡತ್ತೆ, ಹೊಸದೇನೂ ತಿಳಿಯಲ್ಲ. ಇನ್ನು ಮ್ಯಾಪಲ್ಲಿ ತೋರ್ಸೋ ಆ ಬಿಳೀ ಕೋನ್ ಇದೆಯಲ್ಲ, ಅದು ಬಿರುಗಾಳಿಯ ಅಗಲ ಅಲ್ಲ. ಅದರ ನಡುಭಾಗ, ಅಂದ್ರೆ ಕಣ್ಣು, ಎಲ್ಲಿ ಹೋಗ್ಬಹುದು ಅಂತ ಮಾತ್ರ, ಅದೂ ಮೂರರಲ್ಲಿ ಎರಡು ಸಲ ಕೋನ್ ಒಳಗಿರತ್ತೆ, ಇನ್ನೊಂದು ಸಲ ಹೊರಗೂ ಹೋಗತ್ತೆ. ಹೆಲೀನ್ ಹೊತ್ತಲ್ಲಿ ನಾವು ನಡುಗೆರೆಯಿಂದ ಎಷ್ಟೋ ದೂರ, ನೀರು ಬಿಡ್ತಾ? 2022ರಲ್ಲಿ ಇಯನ್ ಹರಿಕೇನ್ ಟ್ಯಾಂಪಾಗೇ ಬರತ್ತೆ ಅಂತ ನಾವೆಲ್ಲ ಗಂಟುಮೂಟೆ ಕಟ್ಟಿದ್ವಿ, ಅದು ಕೊನೇಲಿ ದಕ್ಷಿಣಕ್ಕೆ ಸರಿದು ಫೋರ್ಟ್ ಮಯರ್ಸ್ ಕಡೆ ಹತ್ತಿತು, ಅಲ್ಲಿ ಲೀ ಕೌಂಟೀಲಿ ಖಾಲಿ ಮಾಡೋ ಆರ್ಡರ್ ಬಂದಿದ್ದು ಹಿಂದಿನ ದಿನ ಬೆಳಗ್ಗೆ. ಎಷ್ಟೊಂದು ಜನ ಪ್ರಾಣ ಕಳ್ಕೊಂಡ್ರು. ಗೆರೆ ನಮ್ಮ ಮೇಲಿಲ್ಲ ಅಂತ ಸುಮ್ಮನೆ ಕೂರೋದು ಬೇಡವೇ ಬೇಡ.

ತಯಾರಿಗೆ ಬಂದ್ರೆ, ಕಿಟಕಿಗಳಿಗೆ ಶಟರ್ ಹಾಕೋದೇ ದೊಡ್ಡ ಕೆಲಸ. ನಮ್ಮದು ಅಲೆಅಲೆಯಾಗಿರೋ ಲೋಹದ ಪ್ಯಾನೆಲ್, ಯಾವ ಕಿಟಕೀದು ಅಂತ ಹಿಂದೆ ಮಾರ್ಕರಲ್ಲಿ ನಂಬರ್ ಬರೆದಿರತ್ತೆ, ಮೇಲಿನ ಕಂಬಿಗೆ ಸಿಕ್ಕಿಸಿ ಕೆಳಗಡೆ ಬೋಲ್ಟಿಗೆ ವಿಂಗ್ ನಟ್ ತಿರುಗಿಸ್ಬೇಕು. ಅಂಚು ಬ್ಲೇಡಿನ ಹಾಗಿರತ್ತೆ, ಗ್ಲೌಸ್ ಇಲ್ಲದೆ ಮುಟ್ಟಂಗಿಲ್ಲ, ನಟ್ ತುಕ್ಕು ಹಿಡಿದು ತಿರುಗಲ್ಲ, ಎಣ್ಣೆ ಬಿಟ್ಟು ಕಾಯ್ಬೇಕು. ಮಂಗಳವಾರ ಇಡೀ ದಿನ ಗಂಡಸರಿಬ್ಬರೂ ಅದರಲ್ಲೇ ಇದ್ರು. ಕೊನೇ ಪ್ಯಾನೆಲ್ ಹಾಕಿದ ಮೇಲೆ ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಲೈಟ್ ಹಾಕೋ ಹಾಗಾಯ್ತು. ಹೊರಗಿದ್ದ ಹೂಕುಂಡ, ಕುರ್ಚಿ, ತುಳಸಿ ಕುಂಡ ಎಲ್ಲಾ ಗರಾಜ್ ಒಳಗೆ.

ಒಳಗೆ ನಾವು ಹೆಂಗಸರು ಅಡುಗೆ ಕಡೆ ನೋಡ್ಕೊಂಡ್ವಿ. ಕರೆಂಟ್ ಒಲೆ, ಹೋದ್ರೆ ಹೋಯ್ತು, ಅದಕ್ಕೆ ಮೆಂತ್ಯದ ಚಪಾತಿ ರಾಶಿ ಹಾಕಿದ್ವಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ಅವಲಕ್ಕಿ. ಪಬ್ಲಿಕ್ಸ್ ಅಂಗಡೀಲಿ ನೀರಿನ ಬಾಟಲಿ ಭಾನುವಾರವೇ ಖಾಲಿ, ಆದ್ರೆ ನಲ್ಲಿ ನೀರು ಇರುತ್ತಲ್ಲ, ಮನೇಲಿರೋ ಕುಕ್ಕರು, ಕೊಳದಪ್ಪಲೆ, ಸ್ಟೀಲ್ ಡಬ್ಬ ಎಲ್ಲದಕ್ಕೂ ತುಂಬಿಸಿಟ್ರೆ ಕುಡಿಯಕ್ಕೆ ಅದೇ ಸಾಕು, ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಲೆಕ್ಕ. ಬಾತ್‌ಟಬ್ ನೀರು ಫ್ಲಶ್‌ಗೆ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಮನೆ ಪತ್ರ, ಅತ್ತೆಯ ಮಾತ್ರೆ ಮತ್ತೆ ಚೀಟಿ ಎಲ್ಲಾ ಜಿಪ್‌ಲಾಕಲ್ಲಿ ಹಾಕಿ ಒಂದು ಬ್ಯಾಗು. ಮನೆ ಒಳಗೂ ಹೊರಗೂ ರೂಮ್ ರೂಮ್ ವಿಡಿಯೋ ತೆಗೆದಿಟ್ವಿ, ಇನ್ಶೂರೆನ್ಸ್‌ಗೆ ಆಮೇಲೆ ಬೇಕಾಗತ್ತೆ.

ಇನ್ನೊಂದು, ಅದು ನವರಾತ್ರಿ. ಹಾಲಲ್ಲಿ ಗೊಂಬೆ ಕೂರಿಸಿದ್ವಿ, ದೊಡ್ಡ ಗಾಜಿನ ಬಾಗಿಲ ಪಕ್ಕದಲ್ಲೇ. ವಿಜಯದಶಮಿಗೆ ಮುಂಚೆ ಎತ್ತೋ ಹಾಗಿಲ್ಲ, ಎತ್ತದೇ ಇದ್ರೆ ಗಾಜು ಒಡೆದ್ರೆ ಎಲ್ಲಾ ಹೋಗತ್ತೆ. ಅತ್ತೆಯ ಮದುವೇಲಿ ಕೊಟ್ಟಿದ್ದ ಪಟ್ಟದ ಗೊಂಬೆ ಅದು, ನಾನು ಕೇಳಕ್ಕೇ ಹಿಂಜರೀತಿದ್ದೆ. ಅವರೇ ಅಂದ್ರು, "ಎತ್ತೋದಲ್ಲಮ್ಮ, ಜಾಗ ಬದಲಾಯ್ಸೋದು, ರಾಜ ರಾಣಿ ಕಳಶ ನಮ್ ಜೊತೇಲಿ ಒಳಗೆ ಬರ್ಲಿ, ಆರತಿ ಅಲ್ಲೇ ಮಾಡಣ." ಕಿಟಕಿ ಇಲ್ಲದ ಒಳಗಿನ ಕ್ಲಾಸೆಟ್ಟೇ ನಮ್ಮ ಸೇಫ್ ರೂಮು, ಬಟ್ಟೆಗಳ ಕೆಳಗೆ ಒಂದು ಸ್ಟೂಲ್ ಹಾಕಿ ಅಲ್ಲಿ ಕೂರಿಸಿದ್ವಿ. ದೀಪ ಮಾತ್ರ ಬ್ಯಾಟರೀದು.

ಬುಧವಾರ ಮಧ್ಯಾಹ್ನದಿಂದಾನೇ ಟಿವೀಲಿ ಟೊರ್ನೇಡೋ ವಾರ್ನಿಂಗ್ ಶುರುವಾದ್ವು, ಆ ಒಂದೇ ದಿನ ಫ್ಲೋರಿಡಾದಲ್ಲಿ ನೂರಕ್ಕಿಂತ ಜಾಸ್ತಿ. ಆ ಕಡೆ ಪೂರ್ವ ದಡದ ಸೇಂಟ್ ಲೂಸಿ ಕೌಂಟೀಲಿ ಹರಿಕೇನ್ ದಡ ಮುಟ್ಟೋಕೂ ಮುಂಚೆನೇ ಟೊರ್ನೇಡೋಗೆ ಆರು ಜನ ಸತ್ರು, ವಯಸ್ಸಾದೋರು ಇರೋ ಮೊಬೈಲ್ ಹೋಮ್ ಬಡಾವಣೆ ಅದು. ರಾತ್ರಿ ಎಂಟೂವರೆಗೆ ಮಿಲ್ಟನ್ ಸರಸೋಟಾ ಹತ್ರ ಸಿಯೆಸ್ಟಾ ಕೀಯಲ್ಲಿ ದಡ ಹತ್ತಿತು, ಅಷ್ಟರಲ್ಲಿ ಕ್ಯಾಟಗರಿ 3ಕ್ಕೆ ಇಳಿದಿತ್ತು. ನಮಗೆ ಕರೆಂಟ್ ಹೋಯ್ತು, ಶಟರ್ ರಾತ್ರಿಯೆಲ್ಲಾ ಒಂದೇ ಸಮ ಬಡ್ಕೊಳ್ತಾ ಇತ್ತು, ಮಕ್ಕಳು ಕ್ಲಾಸೆಟ್ಟಲ್ಲೇ ಅತ್ತೆ ಮಗ್ಗುಲಲ್ಲಿ ನಿದ್ದೆ ಹೋದ್ವು.

ಟ್ಯಾಂಪಾ ಬೇಗೆ 10ರಿಂದ 15 ಅಡಿ ನೀರು ಬರ್ಬಹುದು ಅಂತ ಹೇಳಿದ್ರಲ್ಲ, ಬರ್ಲಿಲ್ಲ, ಬದಲಿಗೆ ನೀರು ಹಿಂದಕ್ಕೆ ಹೋಗಿ ಮಾಮೂಲಿಗಿಂತ ಐದಡಿ ಹತ್ರ ಇಳೀತು. ಇದನ್ನ ನೋಡಿ "ಸುಮ್ನೆ ಹೆದರಿಸಿದ್ರು" ಅಂದೋರು ತುಂಬಾ ಜನ, ನನಗೆ ಆ ಮಾತು ಕೇಳಿದ್ರೆ ಬೇಜಾರಾಗತ್ತೆ. ಹರಿಕೇನ್ ಗಾಳಿ ಗಡಿಯಾರದ ಮುಳ್ಳಿಗೆ ಎದುರು ತಿರುಗತ್ತೆ, ಪಶ್ಚಿಮದಿಂದ ಬಂದಾಗ ಕಣ್ಣಿನ ದಕ್ಷಿಣದಲ್ಲಿ ಗಾಳಿ ಸಮುದ್ರದಿಂದ ನೆಲಕ್ಕೆ ದಬ್ಬತ್ತೆ, ಉತ್ತರದಲ್ಲಿ ನೆಲದಿಂದ ಸಮುದ್ರಕ್ಕೆ. ನಾವು ಉತ್ತರಕ್ಕಿದ್ವಿ, ಅಷ್ಟೇ. ಸರಸೋಟಾದಿಂದ ಕೆಳಗಿನೋರಿಗೆ ನೀರು ನುಗ್ಗೇ ನುಗ್ತು. ಅದೇ ಕಣ್ಣು ಮೂವತ್ತು ನಲವತ್ತು ಮೈಲಿ ಮೇಲೆ ಹತ್ತಿದ್ರೆ ಆಲಿಕೆಯ ಹಾಗಿರೋ ನಮ್ಮ ಬೇ ಒಳಗೆ ಅಷ್ಟೂ ನೀರು ಬರ್ತಿತ್ತು. ಟ್ಯಾಂಪಾಗೆ ಹಾಗೆ ದೊಡ್ಡದು ನೇರ ಬಂದಿದ್ದು 1921ರಲ್ಲಿ, ಅದನ್ನ ಕಂಡೋರು ಈಗ ಹೆಚ್ಚುಕಮ್ಮಿ ಯಾರೂ ಇಲ್ಲ, ಅದಕ್ಕೇ ಜನಕ್ಕೆ ನಂಬಿಕೆ ಬರಲ್ಲ ಅನ್ಸತ್ತೆ.

ಮಳೆ ಮಾತ್ರ ಬಿಡ್ಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಲ್ಲಿ 18 ಇಂಚು ಬಿತ್ತು, ಟ್ರಾಪಿಕಾನಾ ಫೀಲ್ಡ್ ಸ್ಟೇಡಿಯಂ ಛಾವಣಿ ಚಿಂದಿಯಾಯ್ತು, ರಾಜ್ಯದಲ್ಲಿ 30 ಲಕ್ಷಕ್ಕಿಂತ ಜಾಸ್ತಿ ಕನೆಕ್ಷನ್‌ಗೆ ಕರೆಂಟ್ ಇರ್ಲಿಲ್ಲ. ಬಿಸಿಲು ಬಂದ ಮೇಲೂ ಹಿಲ್ಸ್‌ಬರೋ ನದಿ ದಿನಗಟ್ಟಲೆ ಏರ್ತಾನೇ ಇತ್ತು, ಬಿರುಗಾಳಿ ಹೋಯ್ತಲ್ಲ ಅಂತ ನೆಮ್ಮದಿಯಾಗಿದ್ದೋರ ಮನೆಗೆ ಆಮೇಲೆ ನೀರು ಬಂತು. ಜನರೇಟರ್ ಇರೋರು ದಯವಿಟ್ಟು ಗಮನ ಕೊಡಿ, ಗರಾಜ್ ಬಾಗಿಲು ತೆಗೆದಿದೆ ಅಂತ ಒಳಗೆ ಓಡಿಸ್ಬೇಡಿ, ಮನೆಯಿಂದ 20 ಅಡಿ ದೂರ ಇಡಿ. ಆ ಹೊಗೆಗೆ ವಾಸನೆ ಇಲ್ಲದ ವಿಷ ಇರತ್ತೆ, ಮಲಗಿದ್ದ ಹಾಗೇ ಪ್ರಾಣ ಹೋಗತ್ತೆ. ಅಪೊಲೊ ಬೀಚಿನವರ ಮನೆಗೆ ಈ ಸಲ ನೀರು ಬಂದಿರ್ಲಿಲ್ಲ, ಬೇಲಿ ಮಾತ್ರ ಬಿದ್ದಿತ್ತು.

ನಾವು ಈಗ ಫ್ಲಡ್ ಇನ್ಶೂರೆನ್ಸ್ ಮಾಡ್ಸಿದೀವಿ, ಮಾಮೂಲಿ ಮನೆ ಇನ್ಶೂರೆನ್ಸಲ್ಲಿ ಅದು ಸೇರಿರಲ್ಲ, ಸರ್ಕಾರದ ಪಾಲಿಸಿ ತಗೊಂಡ್ರೆ ಸಾಮಾನ್ಯವಾಗಿ 30 ದಿನ ಆದ್ಮೇಲೇ ಜಾರಿಗೆ ಬರೋದು, ಹಾಗಾಗಿ ಟಿವೀಲಿ ಕೋನ್ ಬಂದ ಮೇಲೆ ಓಡಿದ್ರೆ ಉಪಯೋಗ ಇಲ್ಲ. ಜೂನ್ 1ಕ್ಕೆ ಸೀಸನ್ ಶುರು. ಹೊಸಬರು ಅದಕ್ಕೂ ಮುಂಚೆ ಕೌಂಟಿ ವೆಬ್‌ಸೈಟಲ್ಲಿ ನಿಮ್ಮ ಅಡ್ರೆಸ್ ಹಾಕಿ ಯಾವ ಜೋನ್ ಅಂತ ನೋಡ್ಕೊಳ್ಳಿ, ಗೊತ್ತಾಗ್ಲಿಲ್ಲ ಅಂದ್ರೆ ನನಗೆ ಬರೀರಿ, ಜೊತೆಗೆ ಕೂತು ನೋಡೋಣ. ಎ ಅಥವಾ ಬಿ ಬಂದ್ರೆ ಯಾರ ಮನೆಗೆ ಹೋಗ್ತೀರ ಅಂತ ಈಗ್ಲೇ ಮಾತಾಡಿಟ್ಕೊಳ್ಳಿ, ಯಾರೂ ಇಲ್ಲ ಅಂದ್ರೆ ನಮ್ಮನೇಲಿ ಜಾಗ ಇದೆ.