ಸ್ಮೆರ್ಶ್: ಒಬ್ಬನೇ ಓದುಗನಿಗಾಗಿ ಬರೆದ ವರದಿಗಳು

1943ರ ಏಪ್ರಿಲ್‌ನಲ್ಲಿ, ಸ್ಟಾಲಿನ್‌ಗ್ರಾಡ್‌ನ ಗೆಲುವಿನ ಬೆನ್ನಿಗೇ, ಸೋವಿಯತ್ ಒಕ್ಕೂಟದ ಕೆಂಪು ಸೇನೆಯೊಳಗೆ ನುಸುಳುವ ಶತ್ರು ಗೂಢಚಾರರನ್ನು ಹಿಡಿಯುವ ಕೆಲಸವನ್ನು ಸ್ಟಾಲಿನ್ ಒಳಾಡಳಿತ ಇಲಾಖೆಯ ಕೈಯಿಂದ ತೆಗೆದು, ತಾನೇ ಮುಖ್ಯಸ್ಥನಾಗಿದ್ದ ರಕ್ಷಣಾ ಇಲಾಖೆಯಡಿ ಹೊಸದೊಂದು ಸಂಸ್ಥೆಗೆ ಒಪ್ಪಿಸಿದ. ‘ಗೂಢಚಾರರಿಗೆ ಸಾವು’ ಎಂಬರ್ಥದ ರಷ್ಯನ್ ಮಾತನ್ನು ಮೊಟಕುಗೊಳಿಸಿ ಅದನ್ನು ಸ್ಮೆರ್ಶ್ ಎಂದು ಕರೆದರು. ನೌಕಾಪಡೆಗೂ ಒಳಾಡಳಿತ ಇಲಾಖೆಯ ಪಡೆಗಳಿಗೂ ಇದೇ ಹೆಸರಿನ ಬೇರೆ ವಿಭಾಗಗಳಿದ್ದವಾದರೂ ಮುಖ್ಯವಾದದ್ದು ಸೇನೆಯ ಸ್ಮೆರ್ಶ್. ಅದರ ಮುಖ್ಯಸ್ಥ ವಿಕ್ಟರ್ ಅಬಾಕುಮೊವ್‌ಗೆ ಆಗ ಮೂವತ್ತೈದು ವರ್ಷ. ಆತ ಉತ್ತರ ಹೇಳಬೇಕಾಗಿದ್ದುದು ಸ್ಟಾಲಿನ್ ಒಬ್ಬನಿಗೆ ಮಾತ್ರ. ಈ ಸಂಸ್ಥೆ ಮುಂದೆ ಮಾಡಿದ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬೇರು ಈ ಏರ್ಪಾಡಿನಲ್ಲೇ ಇದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಗೂಢಚಾರರನ್ನು ಹಿಡಿಯುವುದರಲ್ಲಿ ಅದು ನಿಜಕ್ಕೂ ನಿಪುಣವಾಗಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಜರ್ಮನ್ನರು ಸೋವಿಯತ್ ಯುದ್ಧಕೈದಿಗಳಲ್ಲೇ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ರೇಡಿಯೊ ಸಮೇತ ಪ್ಯಾರಾಚೂಟ್‌ನಲ್ಲಿ ಇಳಿಸುತ್ತಿದ್ದರು. ಸಿಕ್ಕಿಬಿದ್ದ ರೇಡಿಯೊ ನಿರ್ವಾಹಕನನ್ನು ಸ್ಮೆರ್ಶ್ ತಕ್ಷಣ ಕೊಲ್ಲದೆ, ಅವನದೇ ಯಂತ್ರದ ಮುಂದೆ ಕೂರಿಸಿ, ಸೇನಾ ಮುಖ್ಯಾಲಯ ಸಿದ್ಧಪಡಿಸಿದ ಸುಳ್ಳು ಸುದ್ದಿಗಳನ್ನು ಕಳುಹಿಸುವಂತೆ ಮಾಡುತ್ತಿತ್ತು. ಆ ಸುದ್ದಿಯನ್ನು ನಂಬಿ ಜರ್ಮನ್ನರು ಇನ್ನಷ್ಟು ಜನರನ್ನೂ ಹಣವನ್ನೂ ಆಯುಧಗಳನ್ನೂ ಇಳಿಸಿದ ಕಡೆಯಲ್ಲೆಲ್ಲ ಸ್ಮೆರ್ಶ್‌ನವರೇ ಕಾದು ನಿಂತಿರುತ್ತಿದ್ದರು.

ಆದರೆ ಅದರ ಕಣ್ಣು ಹೆಚ್ಚಾಗಿ ನೆಟ್ಟಿದ್ದು ತನ್ನದೇ ಸೈನಿಕರ ಮೇಲೆ. ತುಕಡಿ ತುಕಡಿಗಳಲ್ಲೂ ಅದಕ್ಕೆ ಗುಟ್ಟಾಗಿ ಸುದ್ದಿ ಮುಟ್ಟಿಸುವವರಿದ್ದರು. ಸೈನಿಕರು ಮನೆಗೆ ಬರೆದ ಕಾಗದಗಳನ್ನು ಸೇನಾ ಸೆನ್ಸಾರ್‌ನವರು ಒಡೆದು ಓದುತ್ತಿದ್ದರು. ಆಗ ಫಿರಂಗಿದಳದ ಕ್ಯಾಪ್ಟನ್ ಆಗಿದ್ದ, ಮುಂದೆ ಹೆಸರಾಂತ ಲೇಖಕರಾದ ಅಲೆಕ್ಸಾಂಡರ್ ಸೊಲ್ಝೆನಿತ್ಸಿನ್ ಅವರನ್ನು 1945ರ ಫೆಬ್ರವರಿಯಲ್ಲಿ ಪೂರ್ವ ಪ್ರಷ್ಯಾದ ರಣರಂಗದಲ್ಲೇ ಸ್ಮೆರ್ಶ್ ಬಂಧಿಸಿದ್ದು, ಗೆಳೆಯನಿಗೆ ಬರೆದ ಕಾಗದಗಳಲ್ಲಿ ಸ್ಟಾಲಿನ್‌ನನ್ನು ಟೀಕಿಸಿದ್ದಕ್ಕೆ. ಅವರಿಗೆ ಎಂಟು ವರ್ಷಗಳ ಶಿಕ್ಷೆಯಾಯಿತು. ಜರ್ಮನ್ ಸೆರೆಯಲ್ಲಿ ಹಸಿವಿನಿಂದ ಸತ್ತ ಲಕ್ಷಾಂತರ ಸಂಗಾತಿಗಳ ನಡುವೆ ಹೇಗೋ ಉಳಿದು ಹಿಂತಿರುಗಿದವರ ಗತಿಯೂ ಇಂಥದ್ದೇ. ಶರಣಾದ ಅಧಿಕಾರಿಗಳನ್ನು ದ್ರೋಹಿಗಳೆಂದು ಕಾಣುವ ಆದೇಶ 1941ರಲ್ಲೇ ಹೊರಟಿತ್ತು. ಹೀಗಾಗಿ ಶೋಧನಾ ಶಿಬಿರಗಳಲ್ಲಿ ಸ್ಮೆರ್ಶ್ ಅಧಿಕಾರಿಯ ಮುಂದೆ ಕುಳಿತವನು, ತಾನು ಬದುಕಿ ಉಳಿದದ್ದು ಹೇಗೆಂಬುದಕ್ಕೇ ಸಮಜಾಯಿಷಿ ಕೊಡಬೇಕಾಗಿತ್ತು.

ಈ ಸಂಸ್ಥೆಯ ಸ್ವಭಾವ ಅತ್ಯಂತ ಸ್ಪಷ್ಟವಾಗಿ ಕಾಣುವುದು, ಅದು ತನ್ನ ಅತ್ಯುತ್ತಮ ಕೆಲಸವನ್ನು ಮಾಡಿದ ಕಡೆಯಲ್ಲೇ. 1945ರ ಮೇ ಮೊದಲ ವಾರ, ಬರ್ಲಿನ್‌ನ ಚಾನ್ಸಲರಿ ಭವನದ ತೋಟದಲ್ಲಿ, ಬಾಂಬು ಬಿದ್ದ ಹಳ್ಳವೊಂದರಿಂದ, ಹಿಟ್ಲರ್ ಮತ್ತು ಆತನ ಹೆಂಡತಿಯದೆಂದು ಶಂಕಿಸಿದ, ಅರೆಬೆಂದ ಎರಡು ಶವಗಳನ್ನು ಸ್ಮೆರ್ಶ್‌ನವರು ಹೊರತೆಗೆದರು. ಮುಖ ಗುರುತು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಉಳಿದ ದಾರಿ ಹಲ್ಲುಗಳದ್ದು. ಮರಣೋತ್ತರ ಪರೀಕ್ಷೆಯಲ್ಲಿ ಬೇರ್ಪಡಿಸಿದ ದವಡೆಯ ಭಾಗಗಳನ್ನು ಅಗ್ಗದ ಒಡವೆ ಇಡುವಂಥ ಕೆಂಪು ಪೆಟ್ಟಿಗೆಯೊಂದರಲ್ಲಿ ಹಾಕಿ, ಭದ್ರವಾಗಿ ನೋಡಿಕೊಳ್ಳುವಂತೆ ದುಭಾಷಿ ಯೆಲೆನಾ ರ್ಝೆವ್‌ಸ್ಕಾಯಾ ಅವರ ಕೈಗೆ ಕೊಟ್ಟರು. ಯುದ್ಧ ಮುಗಿದ ಸುದ್ದಿ ಬಂದ ಮೇ 8ರ ರಾತ್ರಿ, ಸುತ್ತ ಎಲ್ಲರೂ ಸಂಭ್ರಮಿಸುತ್ತಿದ್ದಾಗ, ಆ ಪೆಟ್ಟಿಗೆಯನ್ನು ಕೆಳಗಿಡುವಂತಿಲ್ಲವೆಂದು ಅವರು ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ವೈನ್ ಸುರಿದರು.

ಹಿಟ್ಲರನ ದಂತವೈದ್ಯ ಬ್ಲಾಶ್ಕೆ ಆಗಲೇ ಊರು ಬಿಟ್ಟಿದ್ದ. ಸಿಕ್ಕಿದವರು ಆತನ ಸಹಾಯಕಿ ಕೇಥೆ ಹಾಯ್ಜರ್‌ಮನ್. ಆಕೆ ಮೊದಲು ನೆನಪಿನಿಂದಲೇ ಒಂದೊಂದು ಹಲ್ಲಿನ ವಿವರವನ್ನೂ ಹೇಳಿದರು. ಚಾನ್ಸಲರಿಯ ನೆಲಮಾಳಿಗೆಯಲ್ಲಿ ಹಿಟ್ಲರನ ಹಲ್ಲಿನ ಎಕ್ಸ್‌ರೇ ಫಿಲ್ಮುಗಳನ್ನು ಹುಡುಕಿಕೊಟ್ಟರು. ಬಳಿಕ ಪೆಟ್ಟಿಗೆ ತೆರೆದು ತೋರಿಸಿದಾಗ, ಮೇಲಿನ ಎಡಗಡೆಯ ಬಂಗಾರದ ಬ್ರಿಜ್ (ಇಲ್ಲದ ಹಲ್ಲಿನ ಜಾಗ ತುಂಬುವ ಕಟ್ಟು) ಮೇಲಿದ್ದ ಗರಗಸದ ಗುರುತನ್ನು ಗುರುತಿಸಿದರು. 1944ರ ಶರತ್ಕಾಲದಲ್ಲಿ ಬ್ಲಾಶ್ಕೆ ಒಂದು ಹಲ್ಲು ಕೀಳಲೆಂದು ಆ ಬ್ರಿಜ್ಜನ್ನು ಕತ್ತರಿಸಿದಾಗ ಪಕ್ಕದಲ್ಲಿ ನಿಂತು ನೆರವಾದವರು ಅವರೇ. ದಂತ ತಂತ್ರಜ್ಞ ಫ್ರಿಟ್ಸ್ ಎಖ್ಟ್‌ಮನ್ ಕೂಡ ಇವು ಹಿಟ್ಲರನ ಹಲ್ಲುಗಳೇ ಎಂದು ಹೇಳಿದ. ಎಲ್ಲಿಯೂ ಬಲಾತ್ಕಾರವಿಲ್ಲದ, ಯಾವ ದೇಶದ ತನಿಖಾಧಿಕಾರಿಯೂ ಮೆಚ್ಚಬೇಕಾದ ಕೆಲಸ ಇದು.

ವರದಿ ಮಾಸ್ಕೋಗೆ ಹೋಯಿತು, ಅಲ್ಲೇ ಉಳಿಯಿತು. ಅದೇ ಮೇ ತಿಂಗಳ ಕೊನೆಯಲ್ಲಿ ಸ್ಟಾಲಿನ್ ಅಮೆರಿಕದ ದೂತ ಹ್ಯಾರಿ ಹಾಪ್ಕಿನ್ಸ್‌ಗೆ, ಹಿಟ್ಲರ್ ಎಲ್ಲೋ ಅಡಗಿರಬೇಕು ಎಂದ. ಬರ್ಲಿನ್ ಗೆದ್ದ ಮಾರ್ಷಲ್ ಝುಕೊವ್ ಜೂನ್ 9ರಂದು ಪತ್ರಕರ್ತರ ಮುಂದೆ, ಹಿಟ್ಲರನ ಶವ ಗುರುತಾಗಿಲ್ಲ ಎಂದ. ಆತ ಸುಳ್ಳು ಹೇಳಲಿಲ್ಲ. ತನ್ನ ಸೇನೆಯೊಳಗೇ ಇದ್ದ ಸ್ಮೆರ್ಶ್ ಕಂಡುಹಿಡಿದದ್ದನ್ನು ಆತನಿಗೆ ಯಾರೂ ತಿಳಿಸಿರಲಿಲ್ಲ. ರ್ಝೆವ್‌ಸ್ಕಾಯಾ ತಮ್ಮ ನೆನಪುಗಳನ್ನು ಬರೆದ ಮೇಲೆ, 1965ರಲ್ಲಿ, ಝುಕೊವ್ ಆಕೆಯನ್ನು ಕರೆಸಿಕೊಂಡು ಇದೆಲ್ಲ ನಿಜವೇ ಎಂದು ವಿಚಾರಿಸಿದ. ಸತ್ಯ ಹೇಳಿ ನೆರವಾದ ಹಾಯ್ಜರ್‌ಮನ್ ಅವರನ್ನಾದರೋ ಮಾಸ್ಕೋಗೆ ಒಯ್ದು, ವರ್ಷಗಟ್ಟಲೆ ಸೆರೆಯಲ್ಲಿಟ್ಟು, ಕೊನೆಗೆ ಹಿಟ್ಲರನ ಹಲ್ಲಿನ ಚಿಕಿತ್ಸೆಯಲ್ಲಿ ಸ್ವಇಚ್ಛೆಯಿಂದ ಭಾಗಿಯಾಗಿ ಯುದ್ಧವನ್ನು ಲಂಬಿಸಲು ನೆರವಾದರೆಂಬ ಆರೋಪದ ಮೇಲೆ ಹತ್ತು ವರ್ಷಗಳ ಶಿಕ್ಷೆ ಕೊಟ್ಟರು. ಅವರು ಬಿಡುಗಡೆಯಾದದ್ದು 1955ರಲ್ಲಿ. ಸ್ಮೆರ್ಶ್‌ನ ಕತೆಯಲ್ಲಿ ನನ್ನನ್ನು ಅತ್ಯಂತ ಕಾಡುವ ವ್ಯಕ್ತಿ ಈಕೆ.

1946ರ ಮೇ ತಿಂಗಳಲ್ಲಿ ಸ್ಮೆರ್ಶ್ ರಾಜ್ಯ ಭದ್ರತಾ ಸಚಿವಾಲಯದಲ್ಲಿ ವಿಲೀನವಾಯಿತು, ಅಬಾಕುಮೊವ್ ಅದರ ಸಚಿವನಾದ. ಐದು ವರ್ಷಗಳ ನಂತರ ಆತನೇ ಬಂಧಿತನಾಗಿ, ಸ್ಟಾಲಿನ್ ಸತ್ತ ಮರುವರ್ಷ, 1954ರ ಡಿಸೆಂಬರ್‌ನಲ್ಲಿ ಗುಂಡಿಗೆ ಬಲಿಯಾದ. ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ ಗುಟ್ಟಾಗಿ ಹೂತಿದ್ದ ಹಿಟ್ಲರನ ಶವಾವಶೇಷಗಳನ್ನು 1970ರಲ್ಲಿ ಕೆಜಿಬಿ ಅಗೆದು ಸುಟ್ಟು ನದಿಗೆ ಚೆಲ್ಲಿತು. ಹಲ್ಲುಗಳು ಮಾತ್ರ ಮಾಸ್ಕೋದಲ್ಲೇ ಉಳಿದಿದ್ದವು. ಅವುಗಳನ್ನು ಪರೀಕ್ಷಿಸಿದ ಫ್ರಾನ್ಸಿನ ತಜ್ಞರು 2018ರಲ್ಲಿ ಪ್ರಕಟಿಸಿದ ತೀರ್ಮಾನ, ಹಾಯ್ಜರ್‌ಮನ್ 1945ರ ಮೇ ತಿಂಗಳಲ್ಲಿ ಹೇಳಿದ್ದನ್ನೇ ಹೇಳುತ್ತದೆ.