ಆಲ್ಬುಮೆನ್ ಹಾಳೆ: ಎರಡನೇ ಲೇಪ ಹಿಡಿಯಿತು

ಆಲ್ಬುಮೆನ್ ಹಾಳೆ ಎಂದರೆ ಮೊಟ್ಟೆಯ ಬಿಳಿ ಲೋಳೆ ಲೇಪಿಸಿದ ಫೋಟೊ ಮುದ್ರಣದ ಕಾಗದ. ಗುರಿ, ಛಾಯಾಗ್ರಾಹಕ ಡಿಸ್ದೆರಿ 1854ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಮಾಡಿಸಿದ ‘ಕಾರ್ತ್ ದ ವಿಸಿತ್’ (ವಿಸಿಟಿಂಗ್ ಕಾರ್ಡ್ ಗಾತ್ರದ ಫೋಟೊ) ಅಳತೆಯ ಪ್ರಿಂಟು: ಚಿತ್ರ ಸುಮಾರು 54×89 ಮಿ.ಮೀ., ರಟ್ಟು 64×100. ನೆಗೆಟಿವ್ ಇಂಕ್‌ಜೆಟ್ ಪ್ರಿಂಟರಿನಲ್ಲಿ ಪಾರದರ್ಶಕ ಫಿಲ್ಮಿನ ಮೇಲೆ ಮುದ್ರಿಸಿದ್ದು. ಹಾಳೆ ಮಾತ್ರ ಹಳೇ ಕ್ರಮದ್ದೇ.

17 ಮೊಟ್ಟೆಗೆ 500 ಮಿ.ಲೀ. ಬಿಳಿ ಲೋಳೆ ಸಿಕ್ಕಿತು. ಅದಕ್ಕೆ 15 ಗ್ರಾಂ ಅಮೋನಿಯಂ ಕ್ಲೋರೈಡ್, 15 ಮಿ.ಲೀ. ಡಿಸ್ಟಿಲ್ಡ್ ನೀರು, 2 ಮಿ.ಲೀ. ಅಸಿಟಿಕ್ ಆಮ್ಲ (28%). ಉಪ್ಪು ಪೂರ್ತಿ ಕರಗದಿದ್ದರೂ ಚಿಂತೆಯಿಲ್ಲ, ನೊರೆ ಬರುವಂತೆ ಕಡೆಯುವಾಗ ಬೆರೆಯುತ್ತದೆ. ಒಂದು ದಿನ ಫ್ರಿಜ್‌ನಲ್ಲಿಟ್ಟು, ಮಸ್ಲಿನ್‌ನಲ್ಲಿ ಸೋಸಿ, ಮತ್ತೆ ವಾರ ಬಿಟ್ಟದ್ದಾಯಿತು. ಹಿಂದೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದ ಆಲ್ಬುಮೆನ್ ಹಾಳೆಯ ಕಾರ್ಖಾನೆಗಳಲ್ಲಿ 480 ಹಾಳೆಯ ರೀಮಿಗೆ ಸುಮಾರು 27 ಡಜನ್ ಮೊಟ್ಟೆ ಬೇಕಾಗುತ್ತಿತ್ತಂತೆ. ಅಲ್ಲಿ ಮೊಟ್ಟೆಯ ಹಳದಿ ಭಾಗ ಚರ್ಮ ಹದ ಮಾಡುವವರ ಪಾಲು, ಇಲ್ಲಿ ಅಡುಗೆಮನೆಯದು.

ಹಾಳೆಯನ್ನು ಈ ಲೋಳೆಯ ಮೇಲೆ ಮೊದಲು ಮಧ್ಯಭಾಗ ತಾಗುವಂತೆ ಇಳಿಸಿ 3 ನಿಮಿಷ ತೇಲಿಸಬೇಕು. ಗುಳ್ಳೆ ಸಿಕ್ಕಿಕೊಂಡಲ್ಲಿ ಮಸುಕು ಮಚ್ಚೆ ಉಳಿಯುತ್ತದೆ, ಗಡಿಬಿಡಿಯಲ್ಲಿ ಎತ್ತಿದರೆ ಗೀರು.

ಕಷ್ಟ ಕೊಟ್ಟದ್ದು ಎರಡನೇ ಲೇಪ. ಒಣಗಿದ ಮೊದಲ ಪದರವನ್ನು ಹಾಗೇ ತೇಲಿಸಿದಾಗ ಅದು ಕರಗಿ ಲೋಳೆಗೇ ಹೋಯಿತು, ಹೊಳಪು ಇದ್ದದ್ದಕ್ಕಿಂತ ಕಡಿಮೆಯಾಯಿತು. ಈಗ ನಡುವೆ 70% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ 15 ಸೆಕೆಂಡು ಅದ್ದಿ ಗಟ್ಟಿ ಮಾಡಲಾಗುತ್ತಿದೆ. ಆಲ್ಕೊಹಾಲಿಗೂ 3% ಅಮೋನಿಯಂ ಕ್ಲೋರೈಡ್ ಬೇಕು, ಇಲ್ಲದಿದ್ದರೆ ಪದರದ ಉಪ್ಪು ಅದರೊಳಗೆ ಇಳಿದುಹೋಗುತ್ತದೆ. ಎರಡನೇ ಸಲ ಹಾಳೆಯನ್ನು ತಲೆಕೆಳಗಾಗಿ ತೂಗುಹಾಕಬೇಕು. ಕೆಳಅಂಚಿನಲ್ಲಿ ದಪ್ಪಗಾಗುವ ಲೇಪ ಆಗ ಎರಡೂ ತುದಿಗೆ ಹಂಚಿಹೋಗುತ್ತದೆ.

ಹಾಳೆ ಬೆಳಕಿಗೆ ಸ್ಪಂದಿಸುವಂತೆ ಮಾಡುವುದು ಸಿಲ್ವರ್ ನೈಟ್ರೇಟ್ ದ್ರಾವಣ, 15%; ಅದರ ಮೇಲೂ 3 ನಿಮಿಷ. ಪ್ರತಿ ಹಾಳೆಯೂ ಬೆಳ್ಳಿ ಹೀರುವುದರಿಂದ ದ್ರಾವಣ ದುರ್ಬಲವಾಗುತ್ತ ಹೋಗುತ್ತದೆ. 10%ಕ್ಕಿಂತ ಇಳಿದರೆ ಲೋಳೆ ಹೆಪ್ಪುಗಟ್ಟದೆ ದ್ರಾವಣದಲ್ಲೇ ಬಿಟ್ಟುಕೊಳ್ಳುತ್ತದೆ. ಕಂದು ತಿರುಗಿದ ದ್ರಾವಣಕ್ಕೆ ಚಿಟಿಕೆ ಕೇಯೊಲಿನ್ (ಬಿಳಿ ಜೇಡಿಮಣ್ಣು) ಹಾಕಿ ಕುಲುಕಿ, ತಳಕ್ಕೆ ಕೂತಮೇಲೆ ಸೋಸಿದರೆ ತಿಳಿಯಾಗುತ್ತದೆ. ಕೈಗವಸು ಮರೆತರೆ ಬೆರಳು ವಾರವಿಡೀ ಕಪ್ಪು.

ಬಿಸಿಲಲ್ಲಿ ಬೇಕಾದ್ದಕ್ಕಿಂತ ಗಾಢವಾಗಿ ಮುದ್ರಿಸಿದರೆ ಸರಿ, ಚಿತ್ರವನ್ನು ಸ್ಥಿರಗೊಳಿಸುವ ಹೈಪೊ (ಸೋಡಿಯಂ ಥಯೋಸಲ್ಫೇಟ್) ದ್ರಾವಣದಲ್ಲಿ ತಿಳಿಯಾಗುತ್ತದೆ. ಹಾಲಿನಂಥ ನೀರು ನಿಲ್ಲುವವರೆಗೆ ತೊಳೆದು ಗೋಲ್ಡ್ ಟೋನಿಂಗ್ (ಚಿನ್ನದ ಲವಣದ ದ್ರಾವಣದಲ್ಲಿ ಬಣ್ಣ ಹದ ಮಾಡುವುದು), ಆಮೇಲೆ 15% ಹೈಪೊದ ಎರಡು ಟ್ರೇಗಳಲ್ಲಿ ತಲಾ 4 ನಿಮಿಷ. ಬೆಳ್ಳಿ ಹಚ್ಚಿ ರಾತ್ರಿ ಬಿಟ್ಟ ಎರಡು ಹಾಳೆ ಬೆಳಗಾಗುವಷ್ಟರಲ್ಲಿ ಹಳದಿಗಟ್ಟಿದವು. ಅವತ್ತಿನದು ಅವತ್ತೇ ಮುಗಿಯಬೇಕು.

ಎರಡು ಲೇಪದ ಪ್ರಿಂಟು ಒಣಗಿದೊಡನೆ ಸುರುಳಿಯಾಗುತ್ತದೆ, ಬಲವಂತವಾಗಿ ಬಿಡಿಸಿದರೆ ಮೇಲ್ಪದರ ಬಿರುಕು. ಆದ್ದರಿಂದ ಒದ್ದೆಯಿದ್ದಾಗಲೇ ಗಂಜಿಯಲ್ಲಿ ರಟ್ಟಿಗೆ ಅಂಟಿಸುವುದು. ಮುಂದಿನ ಸರದಿ ರಟ್ಟಿನದು: ಆಮ್ಲರಹಿತ, 64×100ಕ್ಕೆ ಕತ್ತರಿಸಿದ ಎಂಟು ತುಂಡು.