ಯಹೂದಿಗಳಲ್ಲಿ ಸನ್ಯಾಸ ಇಲ್ಲ ಅಂದ್ಮೇಲೆ ಆಸೆ, ಸ್ವಾರ್ಥ ಗೆಲ್ಲೋದು ಹೇಗೆ?

ನಾನು ಯಹೂದಿ ನೀತಿಗ್ರಂಥಗಳನ್ನ ಓದ್ತೀನಿ ಅಂತ ಗೊತ್ತಾದವ್ರೆಲ್ಲ ಕೇಳೋ ಪ್ರಶ್ನೆ ಇದು. ಅವ್ರಲ್ಲಿ ಮಠ ಇಲ್ಲ, ಕಾವಿ ಇಲ್ಲ, ರಬ್ಬಿಗಳು, ಅಂದ್ರೆ ಅವ್ರ ಧರ್ಮಗುರುಗಳು ಕೂಡ ಮದ್ವೆ ಆಗಿ ಮನೆ ಮಕ್ಕಳು ಅಂತ ಸಂಸಾರ ಮಾಡ್ತಾರೆ, ಹಾಗಿರುವಾಗ ಆಸೆ ಗೆಲ್ಲೋ ಮಾತೆಲ್ಲಿಂದ ಬಂತು ಅಂತ.

ನನ್ನ ಉತ್ತರ ಏನಂದ್ರೆ, ಆಸೆಯನ್ನ ಸುಟ್ಟು ಹಾಕು ಅಂತ ಅವ್ರ ಮುಖ್ಯ ಪರಂಪರೆ ಹೇಳೋದೇ ಇಲ್ಲ. ಮನುಷ್ಯನೊಳಗಿನ ಕೆಟ್ಟ ಸೆಳೆತಕ್ಕೆ ಅವ್ರು ಯೇಟ್ಸರ್ ಹಾರಾ ಅಂತಾರೆ. ರಬ್ಬಿಗಳ ಚರ್ಚೆ, ಕಥೆಗಳನ್ನೆಲ್ಲ ಸೇರಿಸಿಟ್ಟ ದೊಡ್ಡ ಗ್ರಂಥ ತಾಲ್ಮುದ್‌ನಲ್ಲಿ ಒಂದು ಕಥೆ ಇದೆ, ಹಿರಿಯರೆಲ್ಲ ಸೇರಿ ಈ ಸೆಳೆತವನ್ನ ಹಿಡಿದು ಮೂರು ದಿನ ಕೂಡಿ ಹಾಕ್ತಾರೆ, ಆಮೇಲೆ ನೋಡಿದ್ರೆ ಇಡೀ ಇಸ್ರೇಲ್ ನಾಡಲ್ಲಿ ಆವತ್ತಿಟ್ಟ ಒಂದು ಕೋಳಿಮೊಟ್ಟೆನೂ ಸಿಗಲ್ಲ! ಆಸೆ ನಿಂತ್ರೆ ಲೋಕವೇ ನಿಲ್ಲುತ್ತೆ ಅಂತ ಅವ್ರಿಗೆ ಅರ್ಥ ಆಗುತ್ತೆ. ಆ ಸೆಳೆತ ಇಲ್ದಿದ್ರೆ ಯಾರೂ ಮನೆ ಕಟ್ತಿರ್ಲಿಲ್ಲ, ಮದ್ವೆ ಆಗ್ತಿರ್ಲಿಲ್ಲ, ವ್ಯಾಪಾರ ಮಾಡ್ತಿರ್ಲಿಲ್ಲ ಅಂತ ಇನ್ನೊಂದು ಹಳೇ ವ್ಯಾಖ್ಯಾನ ಹೇಳುತ್ತೆ. ವ್ರತ ಹಿಡಿದು ದ್ರಾಕ್ಷಾರಸ ಬಿಟ್ಟ ನಾಜೀರನನ್ನ ಒಬ್ಬ ರಬ್ಬಿ ಪಾಪಿ ಅಂತಾರೆ, ಸುಮ್ನೆ ದೇಹ ದಂಡಿಸಿದ್ದಕ್ಕೆ. ತಾಲ್ಮುದ್‌ನ ಅದೇ ಪುಟದಲ್ಲಿ ಇನ್ನೊಬ್ರು ಅವನನ್ನ ಪವಿತ್ರ ಅಂತಾರೆ, ಆ ವಾದವನ್ನೂ ಅಳಿಸದೆ ಹಾಗೇ ಉಳಿಸ್ಕೊಂಡಿದ್ದಾರೆ.

ಹಾಗಾದ್ರೆ ಜಗಳ ಯಾವುದರ ಜೊತೆ? ನನ್ನ ಪ್ರಕಾರ, ಒಳಗೇ ಕೂತು ನಮ್ಮ ಬುದ್ಧಿಯನ್ನ ತನ್ನ ಕಡೆ ವಾಲಿಸೋ ಸ್ವಾರ್ಥದ ಜೊತೆ. ಇದಕ್ಕೆ ತಾಲ್ಮುದ್‌ನ ಕೆತುಬೋತ್ ಭಾಗದಲ್ಲಿರೋ ಒಂದು ಪ್ರಸಂಗ ನಂಗೆ ತುಂಬಾ ಇಷ್ಟ. ರಬ್ಬಿ ಇಷ್ಮಾಯೇಲ್ ಬರ್ ಯೋಸೆ ಅವ್ರ ಗೇಣಿ ರೈತ ಪ್ರತಿ ಶುಕ್ರವಾರ ಅವ್ರದ್ದೇ ತೋಟದ ಹಣ್ಣಿನ ಬುಟ್ಟಿ ತಂದು ಕೊಡ್ತಿದ್ದ, ಒಂದ್ಸಲ ಗುರುವಾರನೇ ತಂದ. ಯಾಕಪ್ಪಾ ಇವತ್ತೇ ಅಂದ್ರೆ, ನಂದೊಂದು ವ್ಯಾಜ್ಯ ಇದೆ, ಹೆಂಗೂ ಬರ್ತಿದ್ನಲ್ಲ ಹಂಗೇ ತಂದೆ ಅಂದ. ರಬ್ಬಿ ಬುಟ್ಟಿ ಮುಟ್ಲಿಲ್ಲ, ನಿನ್ನ ವ್ಯಾಜ್ಯ ನಾನು ನೋಡೋ ಹಾಗಿಲ್ಲ ಅಂತ ಬೇರೆ ಇಬ್ಬರು ಪಂಡಿತರನ್ನ ಕೂರಿಸಿದ್ರು. ಆದ್ರೂ ಅತ್ತಿಂದಿತ್ತ ಓಡಾಡ್ತಾ ಅವ್ರ ಮನಸ್ಸು ಮಾತ್ರ, ಇವನು ಹೀಗೆ ವಾದ ಮಾಡ್ಬಹುದಲ್ಲ, ಇಲ್ಲಾ ಹಾಗೆ ಹೇಳಿದ್ರೆ ಗೆಲ್ತಾನಲ್ಲ ಅಂತ ರೈತನ ಪರವಾಗೇ ಯೋಚಿಸ್ತಿತ್ತು. ಅವ್ರಿಗೆ ಗಾಬರಿ ಆಗೋಯ್ತು. ನಾನು ತಗೊಂಡೇ ಇಲ್ಲ, ತಗೊಂಡಿದ್ರೂ ಅದು ನನ್ನ ತೋಟದ್ದೇ, ಅಷ್ಟಕ್ಕೇ ಮನಸ್ಸು ಹಿಂಗೆ ಜಾರಿದ್ರೆ ನಿಜವಾಗ್ಲೂ ಲಂಚ ತಿನ್ನೋರ ಗತಿ ಏನು ಅಂತ ಶಾಪ ಹಾಕಿದ್ರು.

ಇಲ್ಲಿ ಆ ರಬ್ಬಿ ಒಳ್ಳೆಯವ್ರು, ವಿದ್ವಾಂಸರು, ಸ್ವಾರ್ಥವನ್ನ ಸ್ಥಳದಲ್ಲೇ ಗುರುತಿಸಿ ದೂರ ತಳ್ಳಿದವ್ರು, ಆದ್ರೂ ಬುದ್ಧಿ ವಾಲಿತು ನೋಡಿ. ಅದಕ್ಕೇ ನಾನು ನಿಸ್ವಾರ್ಥಿ ಅಂತ ತಮಗೆ ತಾವೇ ಸರ್ಟಿಫಿಕೇಟ್ ಕೊಟ್ಕೊಳ್ಳೋದನ್ನ ಈ ಪರಂಪರೆ ನಂಬಲ್ಲ. ಯೋಚನೆಯಿಂದ ಸ್ವಾರ್ಥ ಹೋಗಲ್ಲ, ಕೈಯಿಂದ ಮಾಡೋ ಕೆಲಸದಿಂದ ಅದು ನಿಧಾನಕ್ಕೆ ಬಗ್ಗುತ್ತೆ ಅನ್ನೋದೇ ಅವ್ರ ದಾರಿ.

ಉದಾಹರಣೆಗೆ ಕತ್ತೆಯ ನಿಯಮ. ನಿನ್ನ ಶತ್ರುವಿನ ಕತ್ತೆ ಹೊರೆ ತಾಳಲಾರದೆ ಬಿದ್ದಿದ್ರೆ ಬಿಟ್ಟು ಹೋಗ್ಬೇಡ, ಸಹಾಯ ಮಾಡು ಅಂತ ಬೈಬಲ್‌ನ ವಿಮೋಚನಕಾಂಡದಲ್ಲಿದೆ. ತಾಲ್ಮುದ್ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೆ, ಈ ಕಡೆ ಗೆಳೆಯನ ಕತ್ತೆ ಹೊರೆ ಕೆಳಗೆ ಬಿದ್ದಿದೆ, ಆ ಕಡೆ ಶತ್ರು ತನ್ನ ಕತ್ತೆಗೆ ಹೊರೆ ಹೇರಕ್ಕೆ ಕಷ್ಟಪಡ್ತಿದಾನೆ, ಮೊದಲು ಯಾರ ಹತ್ರ ಹೋಗ್ತೀಯ? ಪ್ರಾಣಿ ನರಳ್ತಿರೋದ್ರಿಂದ ಸಾಮಾನ್ಯವಾಗಿ ಹೊರೆ ಇಳಿಸೋದೇ ಮೊದಲು. ಆದ್ರೆ ಉತ್ತರ ಶತ್ರುವಿನ ಹತ್ರ ಹೋಗು ಅಂತಿದೆ, ಕಾರಣ ನಿನ್ನೊಳಗಿನ ಸೆಳೆತವನ್ನ ಬಗ್ಗಿಸೋಕೆ. ಮೊದಲು ಅವನನ್ನ ಪ್ರೀತಿಸು, ಆಮೇಲೆ ಸಹಾಯ ಮಾಡು ಅಂತ ಹೇಳ್ಲಿಲ್ಲ. ಹೋಗಿ ಮೂಟೆ ಎತ್ತು, ಅಷ್ಟೇ.

19ನೇ ಶತಮಾನದಲ್ಲಿ ಲಿಥುವೇನಿಯಾದ ರಬ್ಬಿ ಇಸ್ರಾಯೇಲ್ ಸಲಾಂಟರ್ ಇದನ್ನೇ ಮುಸಾರ್ ಅನ್ನೋ, ಗುಣ ತಿದ್ದಿಕೊಳ್ಳೋ ಚಳವಳಿಯಾಗಿ ಬೆಳೆಸಿದ್ರು. ಅದಕ್ಕೂ ಮುಂಚೆ, 1808ರಲ್ಲಿ, ಮೆಂಡೆಲ್ ಲೆಫಿನ್ ಅನ್ನೋ ಲೇಖಕರು ಬರೆದ ಪುಸ್ತಕವನ್ನ ಆ ಬಳಗದವ್ರು ಓದ್ತಿದ್ರು, ಅದರ ಪದ್ಧತಿ ತಾಳ್ಮೆ, ಮೌನ, ವಿನಯ ಹೀಗೆ 13 ಗುಣ, ವಾರಕ್ಕೊಂದು, ದಿನಾ ಲೆಕ್ಕ ಬರೀಬೇಕು, ವರ್ಷಕ್ಕೆ ನಾಲ್ಕು ಸುತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮಾಡ್ತಿದ್ದ ಪದ್ಧತಿಯಿಂದ ತಗೊಂಡಿದ್ದು ಇದು. ಸಲಾಂಟರ್ ಬಗ್ಗೆ ಹೇಳೋ ಒಂದು ಕಥೆ ಪ್ರಕಾರ, ಊಟಕ್ಕೆ ಮುಂಚೆ ಕೈ ತೊಳೆಯೋ ಶಾಸ್ತ್ರಕ್ಕೆ ಅವ್ರು ಸ್ವಲ್ಪವೇ ನೀರು ಬಳಸಿದ್ರಂತೆ, ಯಾಕೆ ಅಂದ್ರೆ ನೀರು ಹೊತ್ತು ತರೋದು ಮನೆಗೆಲಸದ ಹುಡುಗಿ, ನನ್ನ ಪುಣ್ಯ ಅವಳ ಹೆಗಲ ಮೇಲೆ ಬೇಡ ಅಂದ್ರಂತೆ. ಭಕ್ತಿಯ ಒಳಗೂ ಸ್ವಾರ್ಥ ಇರುತ್ತೆ ಅಂತ ಗುರುತಿಸಿದ್ದು ದೊಡ್ಡದು ಅನ್ಸುತ್ತೆ ನಂಗೆ.

ಮನಸ್ಸಿಲ್ಲದೆ ಮಾಡಿದ್ರೆ ಬೂಟಾಟಿಕೆ ಅಲ್ವಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತೆ. ಅದಕ್ಕೆ 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ಅವ್ರ ಉತ್ತರ ಇದೆ, ಒಬ್ಬನಿಗೆ ಒಂದೇ ಸಲ ಸಾವಿರ ನಾಣ್ಯ ಕೊಡೋದಕ್ಕಿಂತ ಒಂದೊಂದಾಗಿ ಸಾವಿರ ಸಲ ಕೊಡು, ಪ್ರತಿ ಸಲ ಕೈ ಬಿಚ್ಚಿದಾಗ ಕೊಡೋ ಗುಣ ಗಟ್ಟಿ ಆಗುತ್ತೆ ಅಂತ. ಇದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ, ಕೊಡೋನ ಅಭ್ಯಾಸ ಏನೋ ಬೆಳೀತು, ಆದ್ರೆ ಒಂದು ನಾಣ್ಯ ತಗೊಂಡವನ ಹಸಿವು ನಾಳೆ ಮತ್ತೆ ಹಾಗೇ ಇರುತ್ತಲ್ಲ. ಅದೇ ಮೈಮೊನಿಡಿಸ್ ತಮ್ಮ ಧರ್ಮಶಾಸ್ತ್ರದಲ್ಲಿ ದಾನಕ್ಕೆ ಎಂಟು ಮೆಟ್ಟಿಲು ಹೇಳಿ, ಎಲ್ಲಕ್ಕಿಂತ ಮೇಲೆ ಇಟ್ಟಿರೋದು ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲುದಾರ ಮಾಡ್ಕೊಂಡೋ, ಕೆಲಸ ಹುಡುಕಿ ಕೊಟ್ಟೋ ಆ ಮನುಷ್ಯ ಇನ್ನೊಬ್ಬರ ಮುಂದೆ ಕೈ ಚಾಚದ ಹಾಗೆ ಮಾಡೋದನ್ನ. ಕೇಳಿದವ್ರಿಗೆ ನಾನು ಈ ಎರಡನ್ನೂ ಒಟ್ಟಿಗೇ ಓದಿ ಅಂತೀನಿ.